ಉತ್ತರ ಕೊಡದವರಿಗೆ ಏನಾಗುತ್ತದೆ? ಆನ್‌ಲೈನ್ ಗ್ರಾಹಕ ನ್ಯಾಯವನ್ನು ಅಳೆಯಬೇಕಾದ ಪ್ರಶ್ನೆ

ಗ್ರಾಹಕರಿಗಾಗಿ 2016ರ ಫೆಬ್ರುವರಿಯಲ್ಲಿ ತೆರೆದಿದ್ದ ಆನ್‌ಲೈನ್ ವ್ಯಾಜ್ಯ ಪರಿಹಾರ ವೇದಿಕೆಯನ್ನು ಯುರೋಪ್ ಒಕ್ಕೂಟ 2025ರ ಜುಲೈ 20ರಂದು ಮುಚ್ಚಿತು. ಒಕ್ಕೂಟದ ಎಲ್ಲ ಅಧಿಕೃತ ಭಾಷೆಗಳಲ್ಲೂ ಅಲ್ಲಿ ದೂರು ಬರೆಯಬಹುದಿತ್ತು. ವೇದಿಕೆಯ ಬಳಕೆಗೆ ಶುಲ್ಕವಿರಲಿಲ್ಲ. ವರ್ಷಕ್ಕೆ ಲಕ್ಷಾಂತರ ಜನ ಅದನ್ನು ತೆರೆದು ನೋಡುತ್ತಿದ್ದರು. ಆದರೂ ಇಡೀ ಒಕ್ಕೂಟದಲ್ಲಿ ಅದರ ಮೂಲಕ ವ್ಯಾಜ್ಯ ಬಿಡಿಸುವ ಸಂಸ್ಥೆಗಳ ಕೈಸೇರುತ್ತಿದ್ದ ಪ್ರಕರಣಗಳು ವರ್ಷಕ್ಕೆ ಸರಾಸರಿ 200ರಷ್ಟು ಮಾತ್ರ. 45 ಕೋಟಿ ಜನರಿರುವ ಮಾರುಕಟ್ಟೆಗೆ ಇದು ಲೆಕ್ಕಕ್ಕೇ ಬಾರದ ಸಂಖ್ಯೆ.

ಈ ಸೋಲಿನ ಬೇರು ತಂತ್ರಾಂಶದಲ್ಲಿರಲಿಲ್ಲ, ನಿಯಮದಲ್ಲಿತ್ತು. ದೂರು ಬಂದಾಗ ಮಾರಾಟಗಾರ ಉತ್ತರಿಸಲೇಬೇಕೆಂಬ ಕಟ್ಟುಪಾಡು ಅಲ್ಲಿರಲಿಲ್ಲ. ಯಾವ ಸಂಸ್ಥೆಯ ಮುಂದೆ ವ್ಯಾಜ್ಯ ಇಡಬೇಕು ಎಂಬುದನ್ನು ಎರಡೂ ಕಡೆಯವರು 30 ದಿನಗಳೊಳಗೆ ಒಪ್ಪಿಕೊಳ್ಳದಿದ್ದರೆ ದೂರು ಮುಂದೆ ಹೋಗುತ್ತಿರಲಿಲ್ಲ. ಮಾರಾಟಗಾರ ಗೆಲ್ಲಲು ಏನನ್ನೂ ಮಾಡಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

ಈಗ ನಮ್ಮ ನೆಲಕ್ಕೆ ಬರೋಣ. ಸಿಂಧನೂರಿನಲ್ಲಿ ಒಬ್ಬ ಮಹಿಳೆ ಕಂತಿನ ಮೇಲೆ ಮೊಬೈಲ್ ಕೊಂಡರೆಂದು ಇಟ್ಟುಕೊಳ್ಳಿ. ಅಂಗಡಿಯಲ್ಲೇ ಸಾಲದ ಅರ್ಜಿ ತುಂಬಿ, ಫೋನಿಗೆ ಬಂದ ಒಟಿಪಿ ಹೇಳಿದ್ದಾಯಿತು. ಆ ಒಟಿಪಿಯೊಂದಿಗೆ ಅವರು ಒಪ್ಪಿದ ಹತ್ತಾರು ಪುಟಗಳ ಕರಾರಿನಲ್ಲಿ, ವ್ಯಾಜ್ಯ ಬಂದರೆ ಆರ್ಬಿಟ್ರೇಷನ್ (ನ್ಯಾಯಾಲಯದ ಬದಲು ಖಾಸಗಿ ತೀರ್ಪುಗಾರರ ಮುಂದೆ ಇತ್ಯರ್ಥ), ಅದರ ಸ್ಥಳ ಚೆನ್ನೈ ಅಥವಾ ಮುಂಬೈ, ನಡೆಯುವುದು ಆನ್‌ಲೈನ್‌ನಲ್ಲಿ, ಭಾಷೆ ಇಂಗ್ಲಿಷ್ ಎಂಬ ಷರತ್ತು ಇರುತ್ತದೆ. ನಾಲ್ಕಾರು ಕಂತು ತಪ್ಪುತ್ತವೆ. ವಾಟ್ಸ್‌ಆ್ಯಪ್‌ಗೋ ಇಮೇಲ್‌ಗೋ ಒಂದು ಪಿಡಿಎಫ್ ಬರುತ್ತದೆ. ಅವರು ಅದನ್ನು ತೆರೆಯುವುದಿಲ್ಲ, ತೆರೆದರೂ ತಿಳಿಯುವುದಿಲ್ಲ. ವಂಚಕರ ಸಂದೇಶವಿರಬೇಕೆಂದು ಅಳಿಸಿದರೂ ಅಚ್ಚರಿಯಿಲ್ಲ, ಯಾಕೆಂದರೆ ಗೊತ್ತಿಲ್ಲದ ಸಂಖ್ಯೆಯಿಂದ ಬಂದ ಲಿಂಕ್ ಒತ್ತಬೇಡಿ ಎಂದು ಬ್ಯಾಂಕು, ಪೊಲೀಸರು ಎಲ್ಲರೂ ಹೇಳುತ್ತಲೇ ಇದ್ದಾರೆ. ಕೆಲವು ವಾರಗಳಲ್ಲಿ ಏಕಪಕ್ಷೀಯ ತೀರ್ಪು ಹೊರಬೀಳುತ್ತದೆ. 1996ರ ಆರ್ಬಿಟ್ರೇಷನ್ ಮತ್ತು ಸಂಧಾನ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಆ ತೀರ್ಪನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿ ಮಾಡಬಹುದು. ಪ್ರಶ್ನಿಸಲು 34ನೇ ಸೆಕ್ಷನ್ ಕೊಡುವುದು ಮೂರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನು 30 ದಿನ. ಅದೂ ಕರಾರಿನಲ್ಲಿ ಬರೆದ ಚೆನ್ನೈಯಲ್ಲೋ ಮುಂಬೈಯಲ್ಲೋ ಇರುವ ನ್ಯಾಯಾಲಯದಲ್ಲಿ.

ಎರಡೂ ಕಡೆ ನಡೆದದ್ದು ಆನ್‌ಲೈನ್ ವ್ಯಾಜ್ಯ ಪರಿಹಾರವೇ. ಯುರೋಪಿನಲ್ಲಿ ಮಾರಾಟಗಾರ ಮೌನವಾಗಿದ್ದಾಗ ದೂರು ಸತ್ತಿತು. ಇಲ್ಲಿ ಸಾಲಗಾರ್ತಿ ಮೌನವಾಗಿದ್ದಾಗ ತೀರ್ಪು ಹುಟ್ಟಿತು. ಎರಡರಲ್ಲೂ ಸೋತದ್ದು ಸಾಮಾನ್ಯ ಮನುಷ್ಯ. ಹಾಗಾಗಿ ಇಂಥ ಯಾವುದೇ ವ್ಯವಸ್ಥೆಯನ್ನು ನಮ್ಮ ಮುಂದೆ ತಂದಿಟ್ಟಾಗ ಆ್ಯಪ್ ಎಷ್ಟು ಸರಳ, ತೀರ್ಪು ಎಷ್ಟು ಬೇಗ ಎಂದು ಕೇಳುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ ಎಂಬುದು ನನ್ನ ವಾದ: ಉತ್ತರ ಕೊಡದ ಪಕ್ಷಕ್ಕೆ ಇಲ್ಲಿ ಏನಾಗುತ್ತದೆ? ಕಂಪನಿ ಸುಮ್ಮನಿದ್ದರೆ ಏನು, ಗ್ರಾಹಕ ಸುಮ್ಮನಿದ್ದರೆ ಏನು? ವ್ಯವಸ್ಥೆ ಯಾರ ಪರವಾಗಿ ಕಟ್ಟಲ್ಪಟ್ಟಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪ್ರಶ್ನೆ ಇನ್ನೊಂದಿಲ್ಲ.

ಕಂಪನಿಯ ಮೌನವೂ ಗ್ರಾಹಕನ ಮೌನವೂ ಒಂದೇ ಬಗೆಯವಲ್ಲ. ಕಂಪನಿಗೆ ಕಾನೂನು ವಿಭಾಗವಿದೆ, ದೂರುಗಳಿಗೆಂದೇ ನೇಮಿಸಿದ ಸಿಬ್ಬಂದಿ ಇದೆ. ಅದು ಸುಮ್ಮನಿದ್ದರೆ ಸುಮ್ಮನಿರಲು ನಿರ್ಧರಿಸಿದೆ ಎಂದೇ ಅರ್ಥ. ಗ್ರಾಹಕ ಸುಮ್ಮನಿರುವುದಕ್ಕೆ ನೂರು ಕಾರಣಗಳಿವೆ: ನೋಟಿಸ್ ತಲುಪಲಿಲ್ಲ, ಸಿಮ್ ಬದಲಾಗಿತ್ತು, ಫೋನ್ ಮನೆಯಲ್ಲಿ ಮಗನ ಕೈಯಲ್ಲಿತ್ತು, ಭಾಷೆ ತಿಳಿಯಲಿಲ್ಲ, ದಿನಗೂಲಿ ಬಿಟ್ಟು ಕೂರಲು ಆಗಲಿಲ್ಲ, ಭಯವಾಯಿತು. ಎರಡು ಮೌನಗಳಿಗೂ ಒಂದೇ ನಿಯಮ ಹಾಕುವುದು ಮೇಲ್ನೋಟಕ್ಕೆ ಸಮಾನತೆಯಂತೆ ಕಾಣುತ್ತದೆ, ಪರಿಣಾಮದಲ್ಲಿ ಬಲಶಾಲಿಗೆ ಕೊಡುವ ಕೊಡುಗೆಯಾಗುತ್ತದೆ.

ನಮ್ಮಲ್ಲೇ ಇರುವ ಒಳ್ಳೆಯ ಮಾದರಿಗಳು

ಕಂಪನಿಯ ಮೌನಕ್ಕೆ ಬೆಲೆ ಕಟ್ಟುವುದು ಅಸಾಧ್ಯವೇನಲ್ಲ. ಭಾರತದಲ್ಲಿ ಅದನ್ನು ಮಾಡಿ ತೋರಿಸಿದ ನಿಯಮಗಳಿವೆ.

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ವಿಫಲ ವಹಿವಾಟುಗಳ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ಅಂಗಡಿಯಲ್ಲಿ ಯುಪಿಐ ಮೂಲಕ ಹಣ ಕೊಟ್ಟಿರಿ, ನಿಮ್ಮ ಖಾತೆಯಿಂದ ಹಣ ಕಡಿತವಾಯಿತು, ಅಂಗಡಿಯವರಿಗೆ ಖಾತರಿ ಬರಲಿಲ್ಲ. ಇಂಥ ಹಣ ವಹಿವಾಟಿನ ದಿನ ಬಿಟ್ಟು ಐದು ದಿನಗಳೊಳಗೆ ತಾನಾಗಿಯೇ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದರಲ್ಲಿ ಒಂದು ಅಮೂಲ್ಯ ಮಾತಿದೆ: ಗ್ರಾಹಕ ದೂರು ಕೊಡಲಿ ಎಂದು ಕಾಯದೆ ಪರಿಹಾರವನ್ನು ಖಾತೆಗೆ ಹಾಕಬೇಕು. ಇಲ್ಲಿ ಗ್ರಾಹಕ ಮೌನವಾಗಿದ್ದರೂ ಹಣ ಬರುತ್ತದೆ, ಸಂಸ್ಥೆ ಮೌನವಾಗಿದ್ದರೆ ದಿನದಿನಕ್ಕೂ ಬೆಲೆ ತೆರುತ್ತದೆ. ಮರುವರ್ಷದ ಆಗಸ್ಟ್‌ನಲ್ಲಿ, ವಿಫಲ ಡಿಜಿಟಲ್ ಪಾವತಿಗಳಿಗೆ ಮನುಷ್ಯರ ಕೈ ಆದಷ್ಟು ಕಡಿಮೆ ಇರುವ, ನಿಯಮಾಧಾರಿತ ಆನ್‌ಲೈನ್ ವ್ಯಾಜ್ಯ ಪರಿಹಾರ ವ್ಯವಸ್ಥೆಯನ್ನು ತರಬೇಕೆಂದು ರಿಸರ್ವ್ ಬ್ಯಾಂಕ್ ಪಾವತಿ ಸಂಸ್ಥೆಗಳಿಗೆ ಸೂಚಿಸಿತು.

ಇದಕ್ಕೂ ಮೊದಲು, 2017ರ ಜುಲೈ ಸುತ್ತೋಲೆಯಲ್ಲಿ ಇನ್ನೂ ಗಟ್ಟಿಯಾದ ನಿಯಮವಿತ್ತು. ಗ್ರಾಹಕರ ಅನುಮತಿಯಿಲ್ಲದೆ ಖಾತೆಯಿಂದ ಹಣ ಹೋಗಿದೆ ಎಂದು ತಿಳಿಸಿದರೆ ಬ್ಯಾಂಕ್ 10 ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, ತನಿಖೆಯನ್ನು 90 ದಿನಗಳಲ್ಲಿ ಮುಗಿಸಬೇಕು, ತಪ್ಪು ಗ್ರಾಹಕನದೇ ಎಂದು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು. ಈ ನಿಯಮಗಳನ್ನು ಎಷ್ಟು ಬ್ಯಾಂಕ್‌ ಶಾಖೆಗಳು ಗ್ರಾಹಕರಿಗೆ ತಾವಾಗಿ ತಿಳಿಸುತ್ತವೆ ಎಂಬುದು ಬೇರೆ ನೋವು. ನಿಯಮದ ತರ್ಕ ಮಾತ್ರ ಸರಿಯಾಗಿದೆ. ದಾಖಲೆ ಯಾರ ಬಳಿ ಇದೆಯೋ ಸಾಬೀತುಪಡಿಸುವ ಭಾರ ಅವರ ಮೇಲೆ ಬಿದ್ದಿದೆ.

ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಇದೇ ತರ್ಕ ಕಾಣಿಸುತ್ತದೆ. ಜಿಲ್ಲಾ ಗ್ರಾಹಕ ಆಯೋಗದಿಂದ ನೋಟಿಸ್ ಬಂದ ಮೇಲೆ ಕಂಪನಿ 30 ದಿನಗಳಲ್ಲಿ ಲಿಖಿತ ಉತ್ತರ ಕೊಡಬೇಕು. ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. 45 ದಿನಗಳ ಈ ಗಡಿಯನ್ನು ಯಾವ ಕಾರಣಕ್ಕೂ ದಾಟುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ, ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಹಿಲ್ಲಿ ಮಲ್ಟಿಪರ್ಪಸ್ ಕೋಲ್ಡ್ ಸ್ಟೋರೇಜ್ ನಡುವಿನ ಪ್ರಕರಣದಲ್ಲಿ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಆಯೋಗದ ಮೌನಕ್ಕೂ ಪರಿಣಾಮ ನಿಗದಿಪಡಿಸಿದೆ. ದೂರನ್ನು ಸ್ವೀಕರಿಸಬೇಕೇ ಬೇಡವೇ ಎಂಬುದನ್ನು 21 ದಿನಗಳಲ್ಲಿ ತೀರ್ಮಾನಿಸದಿದ್ದರೆ ದೂರು ಸ್ವೀಕೃತವಾದಂತೆಯೇ. ವಾಸವಿರುವ ಊರಿನ ಆಯೋಗದಲ್ಲೇ ದೂರು ಕೊಡುವ ಹಕ್ಕು ಈ ಕಾಯ್ದೆಯಲ್ಲಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಂದ ಇ-ದಾಖಿಲ್, 2025ರ ಜನವರಿಯಲ್ಲಿ ಬಂದ ಇ-ಜಾಗೃತಿ ಎಂಬ ಆನ್‌ಲೈನ್ ದೂರು ತಾಣಗಳು ಈ ಹಕ್ಕನ್ನು ಮೊಬೈಲಿನ ತನಕ ತಂದಿವೆ. ಮೂರು ತಿಂಗಳಲ್ಲಿ ಮುಗಿಯಬೇಕಾದ ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ ಎಂಬ ಅಳಲು ನಿಜ, ಮತ್ತು ಆನ್‌ಲೈನ್ ಪರಿಹಾರ ಬೇಕೇ ಬೇಕು ಎಂದು ನಾನು ಹೇಳುವುದಕ್ಕೂ ಅದೇ ಕಾರಣ. ಎಂಟುನೂರು ರೂಪಾಯಿಯ ಮಿಕ್ಸರ್ ಜಾರ್‌ಗಾಗಿ ಯಾರೂ ಎರಡು ವರ್ಷ ಅಲೆಯಲಾರರು.

ಬಲಹೀನ ನಿಯಮವನ್ನು ನೋಡಬೇಕಾದರೆ 2020ರ ಇ-ಕಾಮರ್ಸ್ ನಿಯಮಗಳನ್ನು ಓದಬೇಕು. ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಬಗೆಹರಿಸದಿದ್ದರೆ? ಆ ದೂರಿನ ಮಟ್ಟಿಗೆ ತಾನಾಗಿಯೇ ಆಗುವುದು ಏನೂ ಇಲ್ಲ. ಗ್ರಾಹಕ ಮತ್ತೆ ಮೊದಲಿನಿಂದ ಇನ್ನೊಂದು ಬಾಗಿಲು ತಟ್ಟಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕನ್ನಡವೂ ಸೇರಿ 17 ಭಾಷೆಗಳಲ್ಲಿ ದೂರು ಸ್ವೀಕರಿಸುತ್ತದೆ, ಸಾವಿರಕ್ಕೂ ಹೆಚ್ಚು ಕಂಪನಿಗಳಿಗೆ ದೂರನ್ನು ನೇರವಾಗಿ ದಾಟಿಸುತ್ತದೆ. ಅನೇಕರಿಗೆ ಇದರಿಂದ ನಿಜವಾದ ಸಹಾಯ ಆಗಿದೆ. ಆದರೆ ಆ ಜಾಲಕ್ಕೆ ಸೇರುವ ವಿಷಯದಲ್ಲಿ ಇ-ಕಾಮರ್ಸ್ ನಿಯಮ ಕಂಪನಿಗಳಿಗೆ ಹೇಳುವುದು 'ಆದಷ್ಟು ಪ್ರಯತ್ನಿಸಬೇಕು' ಎಂಬಷ್ಟನ್ನು ಮಾತ್ರ. ಪ್ರಯತ್ನಿಸದವರನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಯುರೋಪಿನ ವೇದಿಕೆಯ ಬಳಿ ಉತ್ತರವಿರಲಿಲ್ಲ. ಇಲ್ಲೂ ಇಲ್ಲ.

ತೀರ್ಪುಗಾರರನ್ನು ಆರಿಸುವವರು ಯಾರು

ಮೌನದ ನಿಯಮ ಸರಿಯಿದ್ದರೂ ತೀರ್ಪು ಕೊಡುವವರು ಒಂದು ಕಡೆಗೆ ವಾಲಿದ್ದರೆ ಎಲ್ಲವೂ ವ್ಯರ್ಥ. ಇದರ ಅತಿ ದೊಡ್ಡ ಪಾಠ ಅಮೆರಿಕದಲ್ಲಿ ಸಿಕ್ಕಿತು.

ಅಲ್ಲಿ ನ್ಯಾಷನಲ್ ಆರ್ಬಿಟ್ರೇಷನ್ ಫೋರಂ ಎಂಬ ಸಂಸ್ಥೆ ಕ್ರೆಡಿಟ್ ಕಾರ್ಡ್ ಬಾಕಿಯ ಪ್ರಕರಣಗಳನ್ನು ರಾಶಿರಾಶಿಯಾಗಿ ಇತ್ಯರ್ಥ ಮಾಡುತ್ತಿತ್ತು. ಗ್ರಾಹಕ ಆರ್ಬಿಟ್ರೇಷನ್ ನಡೆಸುವ ಸಂಸ್ಥೆಗಳು ತಮ್ಮ ಪ್ರಕರಣಗಳ ವಿವರವನ್ನು ಪ್ರಕಟಿಸಲೇಬೇಕು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಇದ್ದುದರಿಂದ ಪಬ್ಲಿಕ್ ಸಿಟಿಜನ್ ಎಂಬ ಗ್ರಾಹಕ ಸಂಘಟನೆಗೆ ಲೆಕ್ಕ ಹಾಕಲು ಸಾಧ್ಯವಾಯಿತು. 2007ರ ಅದರ ವರದಿಯ ಪ್ರಕಾರ, ಆರ್ಬಿಟ್ರೇಟರ್ ನೇಮಕವಾದ ಸುಮಾರು 19 ಸಾವಿರ ಪ್ರಕರಣಗಳಲ್ಲಿ ಶೇ 94ರಷ್ಟು ಕಂಪನಿಗಳ ಪರ ತೀರ್ಪಾಗಿದ್ದವು. ಸಾಲ ವಸೂಲಿ ಉದ್ಯಮದೊಂದಿಗೆ ಸಂಸ್ಥೆಗಿದ್ದ ಹಣಕಾಸಿನ ನಂಟನ್ನು ಮುಚ್ಚಿಡಲಾಗಿದೆ ಎಂದು 2009ರ ಜುಲೈನಲ್ಲಿ ಮಿನ್ನೆಸೋಟ ರಾಜ್ಯದ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದರು. ಕೆಲವೇ ದಿನಗಳಲ್ಲಿ ಆ ಸಂಸ್ಥೆ ಗ್ರಾಹಕ ಆರ್ಬಿಟ್ರೇಷನ್‌ನಿಂದಲೇ ಹಿಂದೆ ಸರಿಯಲು ಒಪ್ಪಿತು.

ಶೇ 94 ಎಂಬುದೊಂದೇ ಪಕ್ಷಪಾತಕ್ಕೆ ಸಾಕ್ಷಿಯಾಗಲಾರದು. ಬಾಕಿ ಇದ್ದವರು ನಿಜವಾಗಿಯೂ ಬಾಕಿ ಇದ್ದಿರಬಹುದು. ನನ್ನನ್ನು ಕಾಡುವುದು ಬೇರೆ. ವರ್ಷಕ್ಕೆ ಸಾವಿರಾರು ಪ್ರಕರಣ ಕೊಡುವ ಒಬ್ಬ ಗಿರಾಕಿ, ಜೀವನದಲ್ಲಿ ಒಮ್ಮೆ ಮಾತ್ರ ಎದುರಾಗುವ ಒಬ್ಬ ಸಾಲಗಾರ, ಇವರ ನಡುವೆ ಕೂತ ಸಂಸ್ಥೆ ಯಾರ ಮುಖ ನೋಡುತ್ತದೆ? ಮತ್ತೆ ಮತ್ತೆ ಕಣಕ್ಕಿಳಿಯುವ ಪಕ್ಷ ಮತ್ತು ಒಮ್ಮೆ ಮಾತ್ರ ಬರುವ ಪಕ್ಷದ ನಡುವಿನ ಈ ಅಂತರವನ್ನು ವಿದ್ವಾಂಸ ಮಾರ್ಕ್ ಗ್ಯಾಲಂಟರ್ 1974ರಲ್ಲೇ ವಿವರಿಸಿದ್ದರು. ಆಗ ಅವರ ಕಣ್ಣ ಮುಂದಿದ್ದುದು ನ್ಯಾಯಾಲಯ. ಸರ್ಕಾರದ ಸಂಬಳ ಪಡೆಯುವ ನ್ಯಾಯಾಧೀಶರ ಮುಂದೆಯೇ ಆ ಅಂತರ ಇದ್ದರೆ, ಪ್ರಕರಣಕ್ಕಿಷ್ಟು ಎಂದು ಶುಲ್ಕ ಪಡೆಯುವ ಖಾಸಗಿ ವೇದಿಕೆಯಲ್ಲಿ ಅದು ಎಷ್ಟಿರಬೇಡ?

ನಮ್ಮ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ದಾರಿ ತೋರಿಸಿದೆ. ವ್ಯಾಜ್ಯದ ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ಏಕೈಕ ಆರ್ಬಿಟ್ರೇಟರನ್ನು ತಾವೇ ನೇಮಿಸುವಂತಿಲ್ಲ ಎಂದು 2019ರ ನವೆಂಬರ್‌ನಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿತು. 2024ರ ನವೆಂಬರ್ 8ರಂದು ಸಂವಿಧಾನ ಪೀಠ, ಪಕ್ಷಗಳನ್ನು ಸಮಾನವಾಗಿ ಕಾಣಬೇಕೆಂಬ ತತ್ವ ಆರ್ಬಿಟ್ರೇಟರ್ ನೇಮಕದ ಹಂತಕ್ಕೂ ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿತು. ಆದರೆ ಕರಾರು ಬರೆಯುವವರು ಬುದ್ಧಿವಂತರು. 'ನಾವು ನೇಮಿಸುತ್ತೇವೆ' ಎಂಬಲ್ಲಿ 'ಇಂಥ ಆನ್‌ಲೈನ್ ಸಂಸ್ಥೆ ನೇಮಿಸುತ್ತದೆ' ಎಂದು ಬರೆದರೆ ಅಕ್ಷರಶಃ ನಿಯಮ ಪಾಲಿಸಿದಂತಾಯಿತು. ಆ ಸಂಸ್ಥೆಯನ್ನು ಆರಿಸಿದವರು, ಅದಕ್ಕೆ ಶುಲ್ಕ ಕಟ್ಟುವವರು, ಮುಂದಿನ ತಿಂಗಳು ಇನ್ನೊಂದು ಕಂತೆ ಪ್ರಕರಣ ಕಳಿಸುವವರು ಎಲ್ಲರೂ ಒಬ್ಬರೇ.

ಗ್ರಾಹಕ ವ್ಯಾಜ್ಯಗಳನ್ನು ಆರ್ಬಿಟ್ರೇಷನ್‌ಗೆ ಬಲವಂತವಾಗಿ ಎಳೆಯುವಂತಿಲ್ಲ ಎಂಬ ತೀರ್ಪುಗಳೂ ಇವೆ. 2018ರ ಎಮಾರ್ ಎಂಜಿಎಫ್ ಪ್ರಕರಣದಲ್ಲಿ, ಮತ್ತೆ 2023ರಲ್ಲಿ, ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತಿದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೆ ಈ ರಕ್ಷಣೆ ಇರುವುದು ಗ್ರಾಹಕ ತಾನೇ ದೂರುದಾರನಾಗಿ ಹೋದಾಗ. ಸಿಂಧನೂರಿನ ಆ ಮಹಿಳೆ ದೂರು ಕೊಟ್ಟವರಲ್ಲ, ಅವರ ಮೇಲೆ ದಾವೆ ಬಂದಿದೆ. ಒಂದೇ ವ್ಯಕ್ತಿ, ಒಂದೇ ಸಾಲ, ಆದರೆ ಯಾರು ಮೊದಲು ಹೆಜ್ಜೆ ಇಟ್ಟರು ಎಂಬುದರ ಮೇಲೆ ಕಾನೂನಿನ ಆಸರೆ ಬದಲಾಗುತ್ತದೆ. ಈ ಸಂದಿಯ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿಲ್ಲ. ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರ ನೇತೃತ್ವದ ಸಮಿತಿಯ ವರದಿಯನ್ನು ನೀತಿ ಆಯೋಗ 2021ರ ನವೆಂಬರ್‌ನಲ್ಲಿ ಪ್ರಕಟಿಸಿದ ಮೇಲೆ ಆನ್‌ಲೈನ್ ವ್ಯಾಜ್ಯ ಪರಿಹಾರದ ಬಗ್ಗೆ ಉತ್ಸಾಹ ಬೆಳೆದಿದೆ. ವೇಗದ ಬಗ್ಗೆ ಕೇಳಿಬಂದಷ್ಟು ಮಾತು ಈ ಸಂದಿಯ ಬಗ್ಗೆ ಕೇಳಿಬಂದಿಲ್ಲ.

ಪರಿಹಾರ ತುಂಬಾ ಕಷ್ಟದ್ದಲ್ಲ. ಷೇರು ಮಾರುಕಟ್ಟೆಯ ಹೂಡಿಕೆದಾರರಿಗಾಗಿ ಆ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರಲ್ಲಿ ತಂದ ಸ್ಮಾರ್ಟ್ ಒಡಿಆರ್ ಎಂಬ ಆನ್‌ಲೈನ್ ವ್ಯಾಜ್ಯ ಪರಿಹಾರ ವ್ಯವಸ್ಥೆಯಲ್ಲಿ, ಪ್ರಕರಣ ಯಾವ ಸಂಸ್ಥೆಗೆ ಹೋಗಬೇಕು ಎಂಬುದನ್ನು ದಲ್ಲಾಳಿಯಾಗಲಿ ಹೂಡಿಕೆದಾರರಾಗಲಿ ಆರಿಸುವುದಿಲ್ಲ. ಮಾನ್ಯತೆ ಪಡೆದ ಸಂಸ್ಥೆಗಳಿಗೆ ಸರದಿಯಂತೆ ಪ್ರಕರಣಗಳು ಹಂಚಿಕೆಯಾಗುತ್ತವೆ. ಗಿರಾಕಿಯನ್ನು ಮೆಚ್ಚಿಸಬೇಕಾದ ಒತ್ತಡ ಈ ಒಂದು ನಿಯಮದಿಂದ ಬಹುಮಟ್ಟಿಗೆ ಇಳಿಯುತ್ತದೆ. ಷೇರು ಕೊಳ್ಳುವ ಮಧ್ಯಮ ವರ್ಗಕ್ಕೆ ಸಿಕ್ಕ ಈ ರಕ್ಷಣೆ ಕಂತಿನ ಮೇಲೆ ಫೋನ್ ಕೊಂಡವರಿಗೆ ಏಕೆ ಸಿಗಬಾರದು?

ಯಂತ್ರ ಎಲ್ಲಿಯವರೆಗೆ

1999ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಈಥನ್ ಕಾಟ್ಷ್ ಮತ್ತು ಸಂಗಡಿಗರು ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯ ಬಳಕೆದಾರರ ಜಗಳಗಳನ್ನು ಇಮೇಲ್ ಮೂಲಕ ಬಿಡಿಸುವ ಪ್ರಯೋಗ ಮಾಡಿದರು. ಎರಡು ಪಕ್ಷಗಳು, ಒಬ್ಬ ಮಧ್ಯಸ್ಥ, ಇವರ ಜತೆಗೆ ತಂತ್ರಜ್ಞಾನ ನಾಲ್ಕನೆಯ ಪಕ್ಷವಾಗಿ ಕೂರುತ್ತದೆ ಎಂಬ ಕಾಟ್ಷ್ ಅವರ ಮಾತು ಈ ಕ್ಷೇತ್ರದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಮುಂದೆ ಇಬೇ ವರ್ಷಕ್ಕೆ ಸುಮಾರು 6 ಕೋಟಿ ವ್ಯಾಜ್ಯಗಳನ್ನು ಬಗೆಹರಿಸುವ ಹಂತಕ್ಕೆ ಬೆಳೆಯಿತು. ಅವುಗಳಲ್ಲಿ ಬಹುಪಾಲು ಸಿಬ್ಬಂದಿಯ ಕೈಗೆ ಬರದೆಯೇ ಮುಗಿಯುತ್ತಿದ್ದವು. ಇಷ್ಟು ಪ್ರಮಾಣದ ಜಗಳವನ್ನು ಯಾವ ನ್ಯಾಯಾಲಯವೂ ಹೊರಲಾರದು. ಹಾಗಾಗಿ ಯಂತ್ರ ಬೇಡ ಎನ್ನುವವನು ನಾನಲ್ಲ.

ಯಂತ್ರಕ್ಕೆ ಗಡಿ ಎಲ್ಲಿ ಎಂಬುದಕ್ಕೆ ನನಗೆ ಸರಿಯೆನಿಸುವ ನಿಯಮ ಇದು: ಗ್ರಾಹಕನ ಕೋರಿಕೆಗೆ 'ಆಗಲಿ' ಎನ್ನಲು ಯಂತ್ರ ಸಾಕು, 'ಇಲ್ಲ' ಎನ್ನುವ ಮುನ್ನ ಒಬ್ಬ ಮನುಷ್ಯ ದೂರನ್ನು ಓದಿರಬೇಕು, ಕಾರಣವನ್ನು ಬರೆದು ತನ್ನ ಹೆಸರು ಹಾಕಬೇಕು. ಈಗ ಆಗುತ್ತಿರುವುದು ಇದಕ್ಕೆ ತೀರ ವಿರುದ್ಧ. ಚಾಟ್‌ಬಾಟ್ ನಾಲ್ಕು ಆಯ್ಕೆ ತೋರಿಸುತ್ತದೆ, ನಮ್ಮ ಸಮಸ್ಯೆ ನಾಲ್ಕರಲ್ಲೂ ಇರುವುದಿಲ್ಲ, 'ಇತರೆ' ಒತ್ತಿದರೆ ಮತ್ತೆ ಅದೇ ನಾಲ್ಕು. ಕೊನೆಗೆ 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಎಂಬ ಸಂದೇಶ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, ಕೊಳ್ಳುವವರನ್ನು ದಾರಿ ತಪ್ಪಿಸುವ ಆ್ಯಪ್ ಮತ್ತು ಜಾಲತಾಣಗಳ 13 ಬಗೆಯ ತಂತ್ರಗಳನ್ನು ನಿಷೇಧಿಸಿದೆ. ದೂರು ಕೊಡುವವರನ್ನು ದಣಿಸುವ ತಂತ್ರಗಳನ್ನೂ ಆ ಪಟ್ಟಿಗೆ ಹೆಸರಿಟ್ಟು ಸೇರಿಸಬೇಕು.

ಸಣ್ಣ ಮೊತ್ತದ ವ್ಯಾಜ್ಯಕ್ಕೂ ಘನತೆಯ ತೀರ್ಪು ಸಾಧ್ಯ ಎಂಬುದನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ ತೋರಿಸಿದೆ. ಅಲ್ಲಿನ ಸಿವಿಲ್ ರೆಸಲ್ಯೂಷನ್ ಟ್ರಿಬ್ಯುನಲ್ 2016ರಲ್ಲಿ ಅಪಾರ್ಟ್‌ಮೆಂಟ್ ವ್ಯಾಜ್ಯಗಳಿಂದ ಶುರುವಾಗಿ, 2017ರ ಜೂನ್‌ನಿಂದ 5,000 ಡಾಲರ್‌ವರೆಗಿನ ಸಣ್ಣ ದಾವೆಗಳನ್ನೂ ಆನ್‌ಲೈನ್‌ನಲ್ಲೇ ನಡೆಸುತ್ತಿದೆ. ಮೊದಲು ಉಚಿತ ಪ್ರಶ್ನಾವಳಿ ನಿಮ್ಮ ಸಮಸ್ಯೆ ಯಾವುದು, ಕಾನೂನು ಏನು ಹೇಳುತ್ತದೆ ಎಂದು ತಿಳಿಸುತ್ತದೆ. ಆಮೇಲೆ ಮಾತುಕತೆ, ಸಂಧಾನ, ಯಾವುದೂ ಆಗದಿದ್ದರೆ ಟ್ರಿಬ್ಯುನಲ್ ಸದಸ್ಯರ ತೀರ್ಪು. ಅದಕ್ಕೆ ನ್ಯಾಯಾಲಯದ ಆದೇಶದಷ್ಟೇ ಬಲ. ಪ್ರತಿವಾದಿ ಉತ್ತರಿಸದಿದ್ದರೆ ಆತನ ವಿರುದ್ಧ ಆದೇಶ ಆಗಬಹುದು. ತೀರ್ಪುಗಳು ಕಾರಣಸಹಿತ ಸಾರ್ವಜನಿಕವಾಗಿ ಪ್ರಕಟವಾಗುತ್ತವೆ.

2024ರ ಫೆಬ್ರುವರಿಯಲ್ಲಿ ಜಗತ್ತೆಲ್ಲ ಮಾತಾಡಿದ ಏರ್ ಕೆನಡಾ ಚಾಟ್‌ಬಾಟ್ ಪ್ರಕರಣ ಬಂದದ್ದು ಈ ಟ್ರಿಬ್ಯುನಲ್‌ನಿಂದಲೇ. ಅಜ್ಜಿ ತೀರಿಕೊಂಡಾಗ ಪ್ರಯಾಣಿಸಬೇಕಿದ್ದ ವ್ಯಕ್ತಿಗೆ, ಟಿಕೆಟ್ ಕೊಂಡ ನಂತರವೂ ಸಾವಿನ ಸಂದರ್ಭದ ರಿಯಾಯಿತಿ ಕೇಳಬಹುದೆಂದು ಕಂಪನಿಯ ಚಾಟ್‌ಬಾಟ್ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್‌ನ ಮಾತಿಗೆ ತಾನು ಹೊಣೆಯಲ್ಲ ಎಂಬ ಕಂಪನಿಯ ವಾದವನ್ನು ತಳ್ಳಿಹಾಕಿದ ಟ್ರಿಬ್ಯುನಲ್, ಬಡ್ಡಿ ಮತ್ತು ಶುಲ್ಕ ಸೇರಿ 812 ಡಾಲರ್ ಕೊಡುವಂತೆ ಆದೇಶಿಸಿತು. ಇದೇ ವ್ಯಾಜ್ಯ ಕಂಪನಿಯ ಒಳಗಿನ ಗುಟ್ಟಿನ ಆರ್ಬಿಟ್ರೇಷನ್‌ನಲ್ಲಿ ಮುಗಿದಿದ್ದರೆ ಆ ಪ್ರಯಾಣಿಕನಿಗೆ ಹಣ ಸಿಗುತ್ತಿತ್ತೋ ಏನೋ, ಜಗತ್ತಿಗೆ ಆ ನಿಯಮ ಸಿಗುತ್ತಿರಲಿಲ್ಲ. ಇಂದು ಬೆಂಗಳೂರಿನಲ್ಲಿ ಚಾಟ್‌ಬಾಟ್ ಕಟ್ಟುವ ಕಂಪನಿಗಳ ವಕೀಲರೂ ಆ ಎಂಟುನೂರು ಡಾಲರಿನ ತೀರ್ಪನ್ನು ಓದಿಕೊಂಡಿರುತ್ತಾರೆ.

ನೋಟಿಸಿನ ಭಾಷೆ, ದಾಖಲೆಯ ಹಿಡಿತ

ಸಾಲ ಕೊಡುವಾಗ ಏಜೆಂಟ್ ಕನ್ನಡದಲ್ಲಿ ಮಾತಾಡುತ್ತಾನೆ. ಆ್ಯಪ್ ಕನ್ನಡದಲ್ಲಿ ಸ್ವಾಗತಿಸುತ್ತದೆ. ಕಂತು ತಪ್ಪಿದಾಗ ವಸೂಲಿ ಕರೆಯೂ ಕನ್ನಡದಲ್ಲೇ ಬರುತ್ತದೆ, ಕೆಲವೊಮ್ಮೆ ಕೇಳಬಾರದ ಕನ್ನಡದಲ್ಲಿ. ಆರ್ಬಿಟ್ರೇಷನ್ ನೋಟಿಸ್ ಮಾತ್ರ ಇಂಗ್ಲಿಷಿನಲ್ಲಿ. ಆರ್ಬಿಟ್ರೇಷನ್ ಭಾಷೆಯನ್ನು ಪಕ್ಷಗಳು ಒಪ್ಪಿ ನಿರ್ಧರಿಸಬಹುದು ಎಂದು ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಒಟಿಪಿ ಹೇಳಿದ್ದನ್ನೇ ಒಪ್ಪಿಗೆ ಎಂದು ಓದಿದರೆ ಆ ಮಾತಿಗೆ ಅರ್ಥ ಉಳಿಯುವುದಿಲ್ಲ. ಯಾವ ಭಾಷೆಯಲ್ಲಿ ಮಾರಿದರೋ ಅದೇ ಭಾಷೆಯಲ್ಲಿ ನೋಟಿಸ್ ಬರಬೇಕು, ಅದೇ ಭಾಷೆಯಲ್ಲಿ ಉತ್ತರ ಕೊಡಲು ಅವಕಾಶವಿರಬೇಕು. ಬರೆಯಲು ಬಾರದವರು ಧ್ವನಿ ಸಂದೇಶದಲ್ಲಿ ಉತ್ತರ ಹೇಳುವಂತಿರಬೇಕು. ಮಾರುವುದಕ್ಕೆ ಇಷ್ಟೆಲ್ಲ ತಂತ್ರಜ್ಞಾನ ಒದಗಿಸಿದವರಿಗೆ ಇದು ಹೊರೆಯೇನಲ್ಲ.

ನೋಟಿಸ್ ತಲುಪಿದೆ ಎಂಬುದಕ್ಕೆ ವಾಟ್ಸ್‌ಆ್ಯಪ್‌ನ ಎರಡು ನೀಲಿ ಗೆರೆ ಸಾಕ್ಷಿಯಾಗಬಾರದು. ಏಕಪಕ್ಷೀಯ ತೀರ್ಪಿಗೆ ಮೊದಲು ಕಾಗದದ ನೋಟಿಸ್ ಅಂಚೆಯಲ್ಲಿ ಹೋಗಿರಬೇಕು, ಒಬ್ಬ ಮನುಷ್ಯ ಸಾಲಗಾರರ ಭಾಷೆಯಲ್ಲಿ ಕರೆ ಮಾಡಿ ವಿಷಯ ತಿಳಿಸಿದ ಧ್ವನಿಮುದ್ರಣ ಕಡತದಲ್ಲಿರಬೇಕು. ಇಷ್ಟಾದ ಮೇಲೂ ಸಾಲಗಾರರು ಉತ್ತರಿಸದಿದ್ದರೆ ತೀರ್ಪು ಬರೆಯಲಿ. ಆಗಲೂ ಬಡ್ಡಿ ಲೆಕ್ಕ, ದಂಡದ ಲೆಕ್ಕ, ಕಟ್ಟಿದ ಕಂತುಗಳ ಲೆಕ್ಕ ಸರಿಯಿದೆಯೇ ಎಂದು ಆರ್ಬಿಟ್ರೇಟರ್ ತಾನೇ ಪರಿಶೀಲಿಸಿರಬೇಕು. ಬಾಯಿಲ್ಲದವರ ಪರವಾಗಿ ಲೆಕ್ಕ ನೋಡುವ ಕರ್ತವ್ಯ ತೀರ್ಪುಗಾರರದೇ.

ದಾಖಲೆಯ ಮಾತೂ ಹೀಗೆಯೇ. ಪಾರ್ಸೆಲ್ ಎಲ್ಲಿ ಇಳಿಯಿತು, ಯಾವ ಒಟಿಪಿ ಯಾವಾಗ ಬಳಕೆಯಾಯಿತು, ಸಹಾಯವಾಣಿಯಲ್ಲಿ ಏನು ಮಾತಾಯಿತು, ಎಲ್ಲವೂ ಕಂಪನಿಯ ಸರ್ವರ್‌ನಲ್ಲಿದೆ. ಗ್ರಾಹಕನ ಬಳಿ ಇರುವುದು ಒಂದೆರಡು ಸ್ಕ್ರೀನ್‌ಶಾಟ್, ಅದೂ ತೆಗೆಯಲು ನೆನಪಾಗಿದ್ದರೆ. ದೂರು ದಾಖಲಾದ ಕ್ಷಣದಲ್ಲೇ ಆ ವಹಿವಾಟಿನ ಪೂರ್ತಿ ಕಡತ ಎರಡೂ ಕಡೆಗೆ ತಾನಾಗಿ ತೆರೆದುಕೊಳ್ಳಬೇಕು. ಕಂಪನಿ ಕೊಡದ ದಾಖಲೆ ಅದರ ವಿರುದ್ಧವಾಗಿಯೇ ಇತ್ತೆಂದು ಭಾವಿಸಬೇಕು.

ಇಳಕಲ್ ಸೀರೆಯನ್ನೋ ಚನ್ನಪಟ್ಟಣದ ಗೊಂಬೆಯನ್ನೋ ದೊಡ್ಡ ವೇದಿಕೆಗಳ ಮೂಲಕ ಮಾರುವ ಸಣ್ಣ ವ್ಯಾಪಾರಿಗಳನ್ನು ಇಲ್ಲಿ ಮರೆಯಬಾರದು. ಗ್ರಾಹಕ ವಾಪಸ್ ಕಳಿಸಿದ ಪೆಟ್ಟಿಗೆಯಲ್ಲಿ ಹರಿದ ಹಳೆಯ ಸೀರೆ ಇದ್ದರೂ ಹಣ ಕಡಿತವಾಗುವುದು ಅವರ ಖಾತೆಯಿಂದ. ವಾದ ಕೇಳುವುದೂ ವೇದಿಕೆಯೇ, ತೀರ್ಮಾನಿಸುವುದೂ ಅದೇ. ಕಂಪನಿ ಎದುರು ಗ್ರಾಹಕ ಎಷ್ಟು ದುರ್ಬಲನೋ ವೇದಿಕೆ ಎದುರು ಈ ವ್ಯಾಪಾರಿಯೂ ಅಷ್ಟೇ ದುರ್ಬಲ. ಆದ್ದರಿಂದ ಕಡತ ತೆರೆಯುವ ನಿಯಮ, ಕಾರಣ ಬರೆಯುವ ನಿಯಮ ಇವರಿಗೂ ಸಲ್ಲಬೇಕು.

ಒಬ್ಬರ ದೂರು, ಎಲ್ಲರ ರೋಗ

ಒಂದೊಂದು ದೂರನ್ನೂ ಬೇರೆ ಬೇರೆಯಾಗಿ, ಗುಟ್ಟಾಗಿ, ಕೂಪನ್ ಕೊಟ್ಟು ಮುಗಿಸುತ್ತ ಹೋದರೆ ದೂರಿನ ಹಿಂದಿರುವ ಚಾಳಿ ಕಣ್ಣಿಗೆ ಬೀಳುವುದಿಲ್ಲ. 2024ರಲ್ಲಿ ಓಲಾ ಕ್ಯಾಬ್ಸ್ ಬಗ್ಗೆ 2,000ಕ್ಕೂ ಹೆಚ್ಚು ದೂರುಗಳು ಗ್ರಾಹಕ ಸಹಾಯವಾಣಿಗೆ ಬಂದಿದ್ದವು. ಮರುಪಾವತಿಯನ್ನು ಮುಂದಿನ ಪ್ರಯಾಣದ ಕೂಪನ್ ರೂಪದಲ್ಲಷ್ಟೇ ಕೊಡುವ ಪದ್ಧತಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಗಮನಿಸಿ, ಹಣ ಬ್ಯಾಂಕ್ ಖಾತೆಗೆ ಬೇಕೋ ಕೂಪನ್ ಬೇಕೋ ಎಂಬ ಆಯ್ಕೆಯನ್ನು ಗ್ರಾಹಕರಿಗೇ ಕೊಡಬೇಕೆಂದು ಅಕ್ಟೋಬರ್‌ನಲ್ಲಿ ನಿರ್ದೇಶಿಸಿತು. ದೂರುಗಳು ಒಂದು ಕಡೆ ಸೇರಿದ್ದರಿಂದ, ಅದನ್ನು ನೋಡುವ ಅಧಿಕಾರ ಒಬ್ಬರಿಗೆ ಇದ್ದುದರಿಂದ ಇದು ಆಯಿತು. ಖಾಸಗಿ ಆನ್‌ಲೈನ್ ವೇದಿಕೆಗಳಲ್ಲಿ ಮುಗಿಯುವ ವ್ಯಾಜ್ಯಗಳಿಗೆ ಇಂಥ ಕಣ್ಣು ಇಲ್ಲ. ಯಾವ ಕಂಪನಿ ಎಷ್ಟು ಪ್ರಕರಣ ಹೂಡಿತು, ಎಷ್ಟು ಏಕಪಕ್ಷೀಯವಾಗಿ ಮುಗಿದವು, ಯಾರು ತೀರ್ಪು ಕೊಟ್ಟರು, ಸಾಲಗಾರರು ಎಷ್ಟರಲ್ಲಿ ಗೆದ್ದರು ಎಂಬ ಲೆಕ್ಕವನ್ನು ಕ್ಯಾಲಿಫೋರ್ನಿಯಾದಂತೆ ನಾವೂ ಕಡ್ಡಾಯವಾಗಿ ಪ್ರಕಟಿಸುವಂತೆ ಮಾಡಬೇಕು.

ಇವುಗಳಲ್ಲಿ ಬಹುಪಾಲಿಗೆ ಸಂಸತ್ತಿನ ಹೊಸ ಕಾಯ್ದೆ ಬೇಕಿಲ್ಲ. ಸಾಲ ಕೊಡುವ ಬ್ಯಾಂಕುಗಳು ಮತ್ತು ಬ್ಯಾಂಕೇತರ ಹಣಕಾಸು ಕಂಪನಿಗಳ ಮೇಲೆ ರಿಸರ್ವ್ ಬ್ಯಾಂಕಿನ ಹಿಡಿತವಿದೆ. ಆನ್‌ಲೈನ್ ಆರ್ಬಿಟ್ರೇಷನ್ ಬಳಸುವವರು ಸಂಸ್ಥೆಯನ್ನು ಸರದಿಯ ಹಂಚಿಕೆಯಿಂದಲೇ ಪಡೆಯಬೇಕು, ನೋಟಿಸ್ ಸಾಲಗಾರರ ಭಾಷೆಯಲ್ಲಿರಬೇಕು, ವಿಚಾರಣೆಯ ಸ್ಥಳ ಸಾಲಗಾರರ ಜಿಲ್ಲೆಯೇ ಆಗಿರಬೇಕು ಎಂದು ಅದು ತನ್ನ ನಿರ್ದೇಶನದಲ್ಲೇ ಹೇಳಬಹುದು. ಇ-ಕಾಮರ್ಸ್ ನಿಯಮಗಳಲ್ಲಿರುವ 'ಪ್ರಯತ್ನಿಸಬೇಕು' ಎಂಬುದನ್ನು ತೆಗೆದು, ಒಂದು ತಿಂಗಳಲ್ಲಿ ಉತ್ತರ ಬಾರದ ದೂರು ಗ್ರಾಹಕ ಒಪ್ಪಿದರೆ ಮತ್ತೊಂದು ಅರ್ಜಿಯಿಲ್ಲದೆ ಜಿಲ್ಲಾ ಆಯೋಗದ ಇ-ಜಾಗೃತಿ ಕಡತವಾಗುತ್ತದೆ ಎಂದು ಬರೆಯುವ ಅಧಿಕಾರ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಗೆ ಇದೆ.

ಕಾಯ್ದೆಗೇ ತಿದ್ದುಪಡಿ ಬೇಕಾದ ಒಂದು ಜಾಗವಿದೆ. ಅನ್ಯಾಯದ ಕರಾರುಗಳ ವಿರುದ್ಧ ದೂರು ಕೊಡುವ ಹಕ್ಕನ್ನು 2019ರ ಕಾಯ್ದೆ ಮೊದಲ ಬಾರಿಗೆ ಕೊಟ್ಟಿತು. ಆದರೆ ಆ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ, ಅದು ರಾಜ್ಯ ಆಯೋಗಕ್ಕೇ ಹೋಗಬೇಕು. ಹನ್ನೆರಡು ಸಾವಿರ ರೂಪಾಯಿಯ ಫೋನಿನ ಕರಾರಿನಲ್ಲಿರುವ ಚೆನ್ನೈ ಷರತ್ತು ಅನ್ಯಾಯದ್ದು ಎಂದು ಹೇಳಲು ಸಿಂಧನೂರಿನ ಗ್ರಾಹಕರಿಗೆ ರಾಯಚೂರಿನ ಆಯೋಗದಲ್ಲೇ ಅವಕಾಶ ಸಿಗಬೇಕು.